ಎಡಗಡೆಯ ಗಾಲಿಗೆ ವಿಭೂತಿ

ಜಹೀರಾಬಾದ್
೨೮-೮-೨೦೧೧, ರವಿವಾರ

ಚಿ. ಮನ್ಮಥಪ್ಪನಿಗೆ ನಿನ್ನ ವೈನಿ ಕಾಂತಾಬಾಯಿಯ ಆಶೀರ್ವಾದ.

ಶ್ರಾವಣ ಮುಗಿಯುತ್ತ ಬಂತು. ಕಳೆದ ಸೋಮವಾರ ಝರಾಸಂಗಮಕ್ಕೆ ಹೋಗಿ ಸಂಗಮೇಶ್ವರನ ದರ್ಶನ ಮಾಡಿ ಬಂದೆ. ಮನೆಯಲ್ಲಿ ನಾನು, ಶೈಲು ಇಬ್ಬರೂ ಇದ್ದೇವೆ. ಆರಾಮ ಇದ್ದೇವೆ ಅಂತ ಬರೆಯಲು ಮಾತ್ರ ಪೆನ್ನು ಓಡುತ್ತಿಲ್ಲ.

ಫೋನು ಇರುವಾಗ ಕಾಗದ ಯಾಕೆ ಅಂತ ನಿನಗೆ ಅನ್ನಿಸಬಹುದು. ಫೋನಿನಲ್ಲಿ ನೀನು ಸೋಮವಾರ ಒಂದು ಹೇಳಿದೆ, ಗುರುವಾರ ಇನ್ನೊಂದು ಹೇಳಿದೆ. ನಡುವೆ ಗಿರಾಕಿ ಬಂದರು ಅಂತ ಇಟ್ಟುಬಿಟ್ಟೆ. ಬಾಯಿಮಾತನ್ನು ಆಮೇಲೆ ಯಾರು ಬೇಕಾದರೂ ತಿರುವಬಹುದು. ಅದಕ್ಕೆ ಬರೆದೇ ಕೊಡು.

ವಿಷಯ ನಿನಗೆ ಗೊತ್ತಿದೆ. ನಿನ್ನ ಅಣ್ಣನವರ ಫಿಯಟ್ಟು. ಅವರು ಲಿಂಗೈಕ್ಯರಾದ ಮೇಲೆ ಅದು ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು. ನೀನು ಕೇಳಿದ್ದೆ, ನಾನು ಕೊಡಲಿಲ್ಲ. ಈಗ ಅದನ್ನು ಶೈಲು ಎಂಥದ್ದು ಮಾಡಿದ್ದಾಳೆ ಅಂದರೆ ನೋಡಿದವರು ಗಾಡಿ ಅನ್ನುವುದಿಲ್ಲ. ಹಿಂದಿನ ಸೀಟು ತೆಗೆದಳು. ಡ್ರೈವರಿನ ಮಗ್ಗುಲ ಸೀಟೂ ತೆಗೆದಳು, ಭಾರ ಇಳಿಯಬೇಕಂತೆ. ದೊಡ್ಡ ಇಂಜಿನ್ನು ಕೂಡಿಸಿದಳು. ಹಿಂದೆ ಅಗಲ ಗಾಲಿ, ಮುಂದೆ ಬಡಕಲು ಗಾಲಿ. ಎರಡು ಗಾಡಿ ಒಂದೇ ಗೆರೆಯ ಮೇಲೆ ನಿಲ್ಲಿಸಿ, ಕಾಲು ಮೈಲಿ ನೆಟ್ಟಗೆ ಬಿಟ್ಟು, ಯಾರು ಮೊದಲು ಮುಟ್ಟುತ್ತಾರೆ ನೋಡುವುದಂತೆ. ಡ್ರ್ಯಾಗ್ ರೇಸ್ ಅಂತಾರೆ. ನಾನು ಒಂದೇ ಕೇಳಿದೆ: "ಮುಟ್ಟಿದ ಮ್ಯಾಲೆ ಹೆಂಗ ನಿಂದ್ರಸ್ತಿ?" "ಅದೇ ನೋಡವ್ವಾ, ಬ್ರೇಕ್ ಸಾಲವಲ್ದು" ಅಂದಳು. ಹೆತ್ತ ತಾಯಿಯ ಮುಂದೆ ಹೀಗೆ ಹೇಳಿ, ರೊಟ್ಟಿ ಮುರಿದುಕೊಂಡು ತಿಂದಳು.

ಡಿಪ್ಲೊಮಾ ಓದಿದವಳು, ಕಾರ್ಖಾನೆಯಲ್ಲಿ ನೌಕರಿ ಮಾಡುವವಳು. ಕಟ್ಟಿಹಾಕಲು ಬರುವುದಿಲ್ಲ. ಆದರೆ ಗಾಡಿ ನನ್ನ ಹೆಸರಿನಲ್ಲಿದೆ. ನನ್ನ ಮನಸ್ಸಿಗೆ ಬರುವ ಬ್ರೇಕು ಕೂಡುವ ತನಕ ಅದು ಶೆಡ್ಡು ದಾಟುವುದಿಲ್ಲ ಅಂತ ಹೇಳಿದ್ದೇನೆ. ಅವಳು ಒಪ್ಪಿದ್ದಾಳೆ. ಮುಂದಿನ ಎರಡು ಗಾಲಿಗೆ ಡ್ರಮ್ ತೆಗೆದು ಡಿಸ್ಕ್ ಹಾಕಬೇಕಂತೆ. ನಾರಾಯಣಖೇಡದ ಮೇಸ್ತ್ರಿ ಈಶಪ್ಪ, "ಹೈದರಾಬಾದಿನ್ಯಾಗ ಹೊಸಾ ಸೆಟ್ ಸಿಗ್ತದ್ರಿ ಬಾಯಿಯವರೆ, ಕನ್ನಡಿ ಹಂಗ ಹೊಳೀತದ" ಅನ್ನುತ್ತಾನೆ. ನೀನು ಹಳೆಯದೇ ತಗೊಳ್ಳಿರಿ ಅನ್ನುತ್ತೀ. ನಿನ್ನದು ಹಳೆ ಸಾಮಾನಿನ ಅಂಗಡಿ. ಹೊಸದರಲ್ಲಿ ಈಶಪ್ಪನಿಗೆ ಏನು ಲಾಭವೋ, ಹಳೆಯದರಲ್ಲಿ ನಿನಗೆ ಏನು ಲಾಭವೋ, ಶಿವನೇ ಬಲ್ಲ. ಯಾವುದು, ಯಾಕೆ, ಬಿಡಿಸಿ ಬರೆ.

ಇನ್ನೊಂದು ಮಾತು. ನಾರಾಯಣಖೇಡದ ಬಾಲಮಣಿಯವರು ತಮ್ಮ ಮಗನಿಗೆ ಶೈಲೂನ ಕೇಳಿದ್ದಾರೆ. ದೀಪಾವಳಿಗೆ ನೋಡಲು ಬರುತ್ತಾರೆ. ಒಳ್ಳೆಯ ಮನೆತನ. ಗಾಡಿಯ ಸುದ್ದಿ ನಾನು ಅವರಿಗೆ ಹೇಳಿಲ್ಲ. ನೀನೂ ಹೇಳಬೇಡ.

ನಿನ್ನ ವೈನಿ


ತಾಂಡೂರು
೪-೯-೨೦೧೧

ಪೂಜ್ಯ ವೈನಿಯವರಿಗೆ ಮನ್ಮಥಪ್ಪನ ಶರಣಾರ್ಥಿ.

ನಿಮ್ಮ ಕಾಗದ ಪರೀಕ್ಷೆಯ ಪ್ರಶ್ನೆಪತ್ರಿಕೆ ಬಂದಂತೆ ಬಂತು. ಶಕುಂತಲಾ ಓದಿ ನಕ್ಕಳು. "ಅಕ್ಕಾಗ ಉತ್ತರ ಬರೀರಿ. ನಪಾಸ ಆದ್ರ ಮನೀಗಿ ಬರಬ್ಯಾಡ್ರಿ" ಅಂತ ನನ್ನ ಹೆಂಡತಿಯೇ ಅನ್ನುತ್ತಾಳೆ. ಹಾಗಾಗಿ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಡ್ರಮ್ ಅಂದರೆ ಮುಚ್ಚಿದ ಗಡಿಗೆ ಇದ್ದ ಹಾಗೆ. ಒಳಗಿನ ಎರಡು ತುಂಡು ಹೊರಮುಖವಾಗಿ ಒತ್ತಿ ಗಡಿಗೆಯನ್ನು ಹಿಡಿಯುತ್ತವೆ. ಜೋರಾಗಿ ಬಂದ ಗಾಡಿ ನಿಲ್ಲಿಸುವಾಗ ಒಳಗೆ ಕಾವು ತುಂಬುತ್ತದೆ. ಹೊರಗೆ ಹೋಗಲು ದಾರಿ ಇಲ್ಲ, ಹಿಡಿತ ಸಡಿಲ ಬೀಳುತ್ತದೆ. ಡಿಸ್ಕ್ ಅಂದರೆ ಗಾಳಿಗೆ ತೆರೆದಿಟ್ಟ ತಟ್ಟೆ. ಎರಡೂ ಮಗ್ಗುಲಿನಿಂದ ಪ್ಯಾಡು ಬಂದು ಚಿವುಟಿ ಹಿಡಿಯುತ್ತವೆ, ಕಾವು ಗಾಳಿಗೆ ಹೋಗುತ್ತದೆ. ಬ್ರೇಕು ಒತ್ತಿದಾಗ ಗಾಡಿಯ ಭಾರ ಮುಂದೆ ಬೀಳುವುದರಿಂದ ಮುಂದಿನ ಎರಡಕ್ಕೆ ಹಾಕಿದರೆ ಸಾಕು. ಹಿಂದೆ ಡ್ರಮ್ಮೇ ಇರಲಿ.

ಈಶಪ್ಪ ಹೇಳುವ ಹೊಸ ಸೆಟ್ಟು ನಾನು ನೋಡಿದ್ದೇನೆ. ದೊಡ್ಡ ತಟ್ಟೆ, ಜಾಳಿಗೆಯ ಹಾಗೆ ತೂತು, ನೋಡಲು ಚಂದ. ಆದರೆ ಶೈಲೂನ ಮುಂದಿನ ಗಾಲಿಯೊಳಗೆ ಅದು ಹಿಡಿಸುವುದಿಲ್ಲ. ಗಾಲಿ ಬದಲಿಸಬೇಕು, ಅವಳು ಇಳಿಸಿದ ಭಾರ ಮತ್ತೆ ಏರಬೇಕು. ಮೇಲಾಗಿ ಅದನ್ನು ಫಿಯಟ್ಟಿಗೆ ಕೂಡಿಸಲು ನಡುವೆ ಲೇಥಿನಲ್ಲಿ ಕಡೆದ ಒಂದು ಪಟ್ಟಿ ಬೇಕು. ಅದನ್ನು ಯಾರು ಕಡೆದರು, ಎಂಥ ಕಬ್ಬಿಣ, ಹೇಳುವವರಿಲ್ಲ. ನನ್ನ ಹತ್ತಿರ ಇರುವುದು ಫಿಯಟ್ಟಿನದೇ ಮನೆತನದ, ಅದರ ನಂತರ ಬಂದ ಗಾಡಿಯದು. ತಟ್ಟೆ ಸಣ್ಣದು, ಆದರೆ ಬೋಲ್ಟಿಗೆ ಬೋಲ್ಟು ಕೂಡುತ್ತದೆ. ಅದರ ಜೊತೆಗೆ ಪೆಡಲಿನ ಹಿಂದಿನ ಮಾಸ್ಟರ್ ಸಿಲಿಂಡರ್ ಕೂಡ ಅದೇ ಗಾಡಿಯದು ಹಾಕಬೇಕು. ಡ್ರಮ್ಮಿನದನ್ನೇ ಬಿಟ್ಟರೆ ಕಾಲು ತೆಗೆದ ಮೇಲೂ ಪ್ಯಾಡು ತಟ್ಟೆಗೆ ಉಜ್ಜುತ್ತಲೇ ಇರುತ್ತದೆ. ಸೋಮವಾರ ತಟ್ಟೆಯ ಮಾತು ಹೇಳಿದೆ, ಗುರುವಾರ ಸಿಲಿಂಡರಿನ ಮಾತು ಹೇಳಿದೆ. ಬೇರೆ ಬೇರೆ ಹೇಳಿಲ್ಲ ವೈನಿ.

ಗಾಡಿ ಕೇಳಿದ್ದು ಅಣ್ಣನ ನೆನಪಿಗೆ. ಈಗ ಶೈಲು ಬಿಡುತ್ತಾಳೆ ಅಂದರೆ ನನಗೆ ಸಂತೋಷವೇ. ಬಾಲಮಣಿಯವರ ಮುಂದೆ ಬಾಯಿ ಬಿಡುವುದಿಲ್ಲ. ಆದರೆ ಮುಚ್ಚಿಟ್ಟು ಕೊಡುವ ಹೆಣ್ಣು ಅಲ್ಲ ನಮ್ಮ ಶೈಲು, ಅಷ್ಟು ತಿಳಿಯಿರಿ.

ನಿಮ್ಮ ಮೈದುನ
ಮನ್ಮಥಪ್ಪ


ಜಹೀರಾಬಾದ್
೧೧-೯-೨೦೧೧

ಚಿ. ಮನ್ಮಥಪ್ಪನಿಗೆ ಆಶೀರ್ವಾದ.

ಕಲ್ಲಿನ ಲಾರಿಯ ಹಣಮಯ್ಯ ನಿನ್ನ ಕಾಗದ ತಂದುಕೊಟ್ಟ. ಎರಡು ಸಲ ಓದಿದೆ. ಗಡಿಗೆ, ತಟ್ಟೆ, ಎಲ್ಲ ತಿಳಿಯಿತು. ಶೈಲೂಗೆ ಓದಿ ಹೇಳಿದೆ, "ಕಾಕಾ ಬರೋಬ್ಬರಿ ಬರದಾನ" ಅಂದಳು. ಈಶಪ್ಪನಿಗೂ ಹೇಳಿದೆ. ಅವನು ತಲೆ ಕೆರೆದುಕೊಂಡು, "ಗಾಲಿ ಹಿಡಿಸಂಗಿಲ್ಲ ಅನ್ನೋದು ಖರೇ ಅದರಿ" ಅಂದ. ಮೊದಲೇ ಯಾಕೆ ಹೇಳಲಿಲ್ಲವೋ ಅವನು.

ಆದರೆ ಒಂದು ಮಾತು ನೀನು ಬಿಟ್ಟಿದ್ದೀ. ಇಷ್ಟೆಲ್ಲ ಬರೆದವನು, ಆ ಸೆಟ್ಟು ಯಾವ ಗಾಡಿಯಿಂದ ಬಿಚ್ಚಿದ್ದು ಅಂತ ಬರೆದಿಲ್ಲ. ಓಡುವ ಗಾಡಿಯ ಬ್ರೇಕು ಯಾರೂ ಬಿಚ್ಚಿ ಮಾರುವುದಿಲ್ಲ. ಬಿದ್ದ ಗಾಡಿಯದೇ ಇರಬೇಕು. ಬಿದ್ದ ಗಾಡಿಯಲ್ಲಿ ಯಾರಿದ್ದರು? ಉಳಿದರೋ, ಹೋದರೋ?

ನನ್ನ ಮಗಳ ಗಾಡಿಗೆ ಜೀವ ಹೋದ ಗಾಡಿಯ ಸಾಮಾನು ಹತ್ತಬಾರದು. ಇದಕ್ಕೆ ನೀನು ನಗಬಹುದು, ನಗು. ಮನೆಗೆ ಹೊಸ ಬಾಗಿಲು ತಂದರೂ ಯಾವ ಮನೆಯದು ಅಂತ ಕೇಳಿ ತರುವವರು ನಾವು. ಸತ್ತವರ ಗಾಡಿಯದಲ್ಲ ಅಂತ ನಿನ್ನ ಕೊರಳಲ್ಲಿರುವ ಲಿಂಗ ಮುಟ್ಟಿ ಬರೆ. ಆಮೇಲೆ ಕಳುಹಿಸು.

ನಾನು ಮುಚ್ಚಿಟ್ಟು ಹೆಣ್ಣು ಕೊಡುತ್ತೇನೆ ಅನ್ನುವ ಹಾಗೆ ಬರೆದಿದ್ದೀಯಲ್ಲ, ಈಗ ನೀನು ಮುಚ್ಚಿಡಬೇಡ.

ನಿನ್ನ ವೈನಿ


ತಾಂಡೂರು
೧೬-೯-೨೦೧೧

ವೈನಿಯವರಿಗೆ ಶರಣಾರ್ಥಿ.

ಸಕಲ ಜನರ ಸಮ್ಮೆ ಅಂತ ದೊಡ್ಡ ಮುಷ್ಕರ ಶುರುವಾಯಿತು. ತೆಲಂಗಾಣ ಕೊಡುವ ತನಕ ಆಫೀಸು ಇಲ್ಲ, ಶಾಲೆ ಇಲ್ಲ. ಸೋಮವಾರದಿಂದ ಬಸ್ಸೂ ಇಲ್ಲ ಅಂತಾರೆ. ತೊಗರಿ ಬಜಾರು ಬಿಕೋ ಅನ್ನುತ್ತಿದೆ. ಹಣಮಯ್ಯ ಇವತ್ತು ಹೊರಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅವನ ಲಾರಿಯಲ್ಲಿ ಸೆಟ್ಟು ಕಳುಹಿಸಿದ್ದೇನೆ. ಹೊಸ ಪ್ಯಾಡು ಹಾಕಿದ್ದೇನೆ, ತಟ್ಟೆ ಕಡೆಸಿ ನುಣುಪು ಮಾಡಿಸಿದ್ದೇನೆ, ರಬ್ಬರು ಪೈಪು ಎಲ್ಲ ಹೊಸದು.

ಗಾಡಿ ಸರ್ವೇ ಇಲಾಖೆಯ ಒಬ್ಬ ಸಾಹೇಬರದು. ಬಹಳ ನಿಗಾದಿಂದ ಇಟ್ಟ ಗಾಡಿ. ಮುಂಭಾಗಕ್ಕೆ ಒಂದು ಗೀರೂ ಇಲ್ಲ. ಇಷ್ಟು ಸಾಕಲ್ಲವೇ?

ಇನ್ನು ಒಳ್ಳೆಯ ಸುದ್ದಿ. ಲಾರಿ ನಿಂತಿರುವುದರಿಂದ ಇಲ್ಲಿ ಒಂದು ಫರಸಿ ಕಲ್ಲಿನ ಖಣಿಯವರ ಸ್ವಂತ ರಸ್ತೆ ಖಾಲಿ ಇದೆ. ಕಾಂಕ್ರೀಟು, ದಾರ ಹಿಡಿದಷ್ಟು ನೆಟ್ಟಗೆ. ಮಾಲೀಕರು ಒಪ್ಪಿದ್ದಾರೆ. ಅಕ್ಟೋಬರ್ ೨೩, ರವಿವಾರ, ಹಳೆ ಗಾಡಿಗಳ ರೇಸು. ಶೈಲೂನ ಹೆಸರು ಕೊಟ್ಟಿದ್ದೇನೆ.

ಅವಳು ಫೋನು ಮಾಡಿದ್ದಳು. "ಅವ್ವಾಗ ಬ್ರೇಕ್ ಬ್ಯಾಡಾಗ್ಯಾದ ಕಾಕಾ, ನೆಪ ಬೇಕಾಗ್ಯಾದ. ದೀಪಾವಳಿ ತನಕ ಹಿಂಗೇ ತಳ್ಳತಾಳ" ಅಂದಳು. ನಾನು ಹಾಗಲ್ಲ ಅಂದೆ. ಹಾಗಲ್ಲ ತಾನೆ?

ಮನ್ಮಥಪ್ಪ


ಜಹೀರಾಬಾದ್
೮-೧೦-೨೦೧೧

ಶ್ರೀ ಮನ್ಮಥಪ್ಪನವರಿಗೆ,

ಶೈಲು ಜೀವದಿಂದ ಇದ್ದಾಳೆ. ಅದನ್ನು ಮೊದಲು ಬರೆದೆ, ನಿಮಗೂ ಒಂದು ಎದೆ ಇದೆ ಅಂತ.

ನೀವು ಲಿಂಗ ಮುಟ್ಟಿ ಬರೆಯಲಿಲ್ಲ. ನಾನು ಕೇಳಿದ್ದು ಒಂದು, ನೀವು ಬರೆದದ್ದು ಮುಂಭಾಗಕ್ಕೆ ಗೀರಿಲ್ಲ ಅಂತ. ಆವಾಗಲೇ ನಾನು ಸೆಟ್ಟು ತಿರುಗಿ ಕಳುಹಿಸಬೇಕಾಗಿತ್ತು. ಲಾರಿ ಇಲ್ಲ, ಬಸ್ಸಿಲ್ಲ, ಮಗಳ ಮುಖ ನೋಡಿ ಸುಮ್ಮನಾದೆ.

ನಮ್ಮ ಕಡೆಯಿಂದ ಏನೂ ಕಡಿಮೆ ಮಾಡಿಲ್ಲ. ಈಶಪ್ಪ ನಾರಾಯಣಖೇಡದಿಂದ ಸೈಕಲ್ ಮೋಟರಿನ ಮೇಲೆ ಬಂದು ನಮ್ಮಲ್ಲೇ ಉಳಿದು ಕೂಡಿಸಿದ. ಸಿಲಿಂಡರ್ ಕೂಡ ನೀವು ಹೇಳಿದ ಹಾಗೇ ಹಾಕಿದ. ಆಯುಧ ಪೂಜೆಯ ದಿನ ಕೆಲಸ ಮುಗಿಯಿತು. ಬಲಗಡೆಯ ಗಾಲಿ ಮುಚ್ಚಿ, ಎಡಗಡೆಯದು ತೆರೆದಿಟ್ಟು ಅವನು ಒಳಗೆ ಊಟಕ್ಕೆ ಕೂತ. ನಾನು ಪೂಜೆಯ ತಾಟು ಹಿಡಿದು ಶೆಡ್ಡಿಗೆ ಹೋದೆ. ಹೊಸ ಸಾಮಾನಿಗೆ ಪೂಜೆ ಆಗದೆ ಗಾಲಿ ಮುಚ್ಚಬಾರದು ಅಂತ ಆ ತಟ್ಟೆಗೇ ವಿಭೂತಿ ಹಚ್ಚಿದೆ. ಒಣ ವಿಭೂತಿ ಆ ನುಣುಪಿಗೆ ಹತ್ತಲಿಲ್ಲ. ನೀರಿನಲ್ಲಿ ಕಲಸಿದ್ದು ಆರಿ ಉದುರಿತು. ಕಡೆಗೆ ತುಪ್ಪದಲ್ಲಿ ಕಲಸಿ ಮೂರು ಎಳೆ ಎಳೆದೆ, ಚೆನ್ನಾಗಿ ಕೂತಿತು. ನಡುವೆ ಕುಂಕುಮ ಇಟ್ಟೆ. ಹಿಂಬದಿಗೂ ಕೈ ಹಾಕಿ ಹಚ್ಚಿದೆ. ಇಪ್ಪತ್ತೈದು ವರ್ಷ ಇದೇ ಗಾಡಿಯ ಗಾಲಿಗೆ ಪೂಜೆ ಮಾಡಿದವಳು ನಾನು, ಒಂದು ದಿನವೂ ಗಾಡಿ ಕೈಕೊಟ್ಟಿಲ್ಲ.

ಅಂಗಳದಲ್ಲಿ ಮೆಲ್ಲಗೆ ಓಡಿಸಿ ನೋಡಿದಾಗ ನಿಂತಿತು. ನಿನ್ನೆ ಕಾರ್ಖಾನೆಯ ಹಿಂದಿನ ರಸ್ತೆಗೆ ಒಯ್ದಳು. ನಾನು ದೂರದಲ್ಲಿ ನಿಂತಿದ್ದೆ. ಜೋರಾಗಿ ಬಂದಳು, ಬ್ರೇಕು ಒತ್ತಿದಳು. ಗಾಡಿ ಯಾರೋ ಮೂಗುದಾರ ಹಿಡಿದು ಎಳೆದ ಹಾಗೆ ಬಲಕ್ಕೆ ಹೊರಳಿತು. ರಸ್ತೆ ಇಳಿದು ಪಕ್ಕದ ಹೊಲದ ಸಾಬಮ್ಮನ ಜೋಳದ ಕಣಕಿಯ ಬಣವೆಗೆ ಹೊಕ್ಕಿತು. ಬಣವೆ ಇತ್ತು, ಶಿವ ಇದ್ದ. ಅಲ್ಲಿ ಕಂಬ ಇದ್ದಿದ್ದರೆ?

ಸಾಬಮ್ಮ ಓಡಿ ಬಂದು, "ಇಷ್ಟ ದಿನ ಎತ್ತು ಮೇವು ಕದೀತಿದ್ವು, ಈಗ ಮೋಟರೂ ಕಲ್ತಾವೇನು?" ಅಂದಳು. ಮಗಳ ಹಣೆಯ ರಕ್ತ ನೋಡಿದ ಮೇಲೆ ತನ್ನ ಸೆರಗನ್ನೇ ಒತ್ತಿ ಹಿಡಿದಳು. ಮುಂಗೈ ಬಾತಿದೆ. ಮೂಳೆ ಮುರಿದಿಲ್ಲ.

ಈಗ ನಿಜ ಬರೆಯಿರಿ. ಯಾರ ಗಾಡಿ ಅದು? ಮತ್ತೆ ನಿಮ್ಮ ಆ ರಸ್ತೆಯ ಮಾತು. ಸೆಟ್ಟು ಇಳಿಸುವಾಗ ಹಣಮಯ್ಯ ಬಾಯಿ ಬಿಟ್ಟ: "ರಸ್ತಾ ಚಲೋ ಅದರಿ, ಆದ್ರ ಕಡೀಗಿ ನೀರು ತುಂಬಿದ ಖಣಿ ಅದ." ಅದನ್ನು ನೀವು ಬರೆಯಲಿಲ್ಲ. ಇಂಥ ಬ್ರೇಕು ಕೊಟ್ಟು ಅಂಥ ರಸ್ತೆಗೆ ಕರೆಯುತ್ತೀರಿ. ನನ್ನ ಮಗಳ ಮೇಲೆ ನಿಮಗೇನು ಹಗೆ?

ಕಾಂತಾಬಾಯಿ


ತಾಂಡೂರು
೧೨-೧೦-೨೦೧೧

ಕಾಂತಾಬಾಯಿಯವರಿಗೆ,

ನೀವು ಕೇಳಿದ್ದಕ್ಕೆ ಉತ್ತರ ಮೊದಲು. ಆ ಗಾಡಿಯ ಸಾಹೇಬರು ತೀರಿಹೋದರು. ಹಿಂದಿನಿಂದ ಲಾರಿ ಹೊಡೆಯಿತು. ಬ್ರೇಕಿನ ತಪ್ಪಲ್ಲ, ಅವರ ತಪ್ಪೂ ಅಲ್ಲ. ನಿಂತ ಗಾಡಿಗೆ ಹೊಡೆದದ್ದು. ಹೇಳಿದ್ದರೆ ನೀವು ಸೆಟ್ಟನ್ನು ಬಾಗಿಲೊಳಗೆ ಬಿಡುತ್ತಿರಲಿಲ್ಲ, ಶೈಲು ಆ ಹಳೆ ಡ್ರಮ್ಮಿನ ಮೇಲೆಯೇ ಎಲ್ಲಾದರೂ ಓಡುತ್ತಿದ್ದಳು. ಅದಕ್ಕೆ ಹೇಳಲಿಲ್ಲ. ಖಣಿಯ ಮಾತು ಕೂಡ ಅದಕ್ಕೇ ಬರೆಯಲಿಲ್ಲ. ನಾನು ಮುಚ್ಚಿಟ್ಟದ್ದು ಇಷ್ಟು.

ಈಗ ನೀವು ಮಾಡಿದ್ದು. ತುಪ್ಪ. ತಟ್ಟೆಯ ಎರಡೂ ಮಗ್ಗುಲಿಗೆ.

ಡಿಸ್ಕಿಗೆ ಒಂದು ಹನಿ ಜಿಡ್ಡು ಹತ್ತಿದರೂ ಪ್ಯಾಡು ಜಾರುತ್ತದೆ. ಪ್ಯಾಡು ಅದನ್ನು ಹೀರಿಕೊಂಡರೆ ಎಸೆಯಬೇಕು. ಇಪ್ಪತ್ತೈದು ವರ್ಷ ನೀವು ಪೂಜೆ ಮಾಡಿದ್ದು ಡ್ರಮ್ಮಿನ ಹೊರಮೈಗೆ, ಹಿಡಿಯುವ ಜಾಗ ಗಡಿಗೆಯ ಒಳಗೆ ಮುಚ್ಚಿತ್ತು. ಇದು ತೆರೆದ ತಟ್ಟೆ ಅಂತ ನಾನೇ ನಿಮಗೆ ಬರೆದಿದ್ದೆ. ಎಡಗಡೆ ಜಾರಿತು, ಬಲಗಡೆ ಹಿಡಿಯಿತು, ಗಾಡಿ ಬಲಕ್ಕೆ ಹೊರಳಿತು. ಇದರಲ್ಲಿ ಸತ್ತವರದು ಏನೂ ಇಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟಾದರೆ ಆಗಿರಿ. ಬ್ರೇಕು ಯಾವುದು, ಹೇಗೆ ಹಿಡಿಯುತ್ತದೆ, ಎಲ್ಲ ಕೇಳಿ ಬರೆಸಿಕೊಂಡವರು ನೀವು. ದೀಪಾವಳಿಗೆ ಬೀಗರು ಬರುತ್ತಾರೆ, ಗಾಡಿಯ ಸುದ್ದಿ ಹೇಳಬೇಡ ಅಂದವರು ನೀವು. ಮೇಸ್ತ್ರಿ ಊಟಕ್ಕೆ ಕೂತಾಗ ಒಬ್ಬರೇ ಶೆಡ್ಡಿಗೆ ಹೋದವರು ನೀವು. ಗಾಡಿ ಕೆಡಲಿ, ರೇಸು ತಪ್ಪಲಿ, ಮಗಳು ಸೀರೆ ಉಟ್ಟು ಬೀಗರ ಮುಂದೆ ಕೂರಲಿ ಅಂತ ಮಾಡಿದ್ದೇ ಅದು?

ಶೈಲೂಗೆ ಫೋನಿನಲ್ಲಿ ಎಲ್ಲ ಹೇಳಿದ್ದೇನೆ. ಅವಳಿಗೆ ತಿಳಿಯಬೇಕು.

ಮನ್ಮಥಪ್ಪ


ಜಹೀರಾಬಾದ್
೧೬-೧೦-೨೦೧೧

ಮನ್ಮಥಪ್ಪನವರಿಗೆ,

ನಿಮ್ಮ ಕಾಗದಕ್ಕಿಂತ ಮೊದಲು ನಿಮ್ಮ ಮಾತು ನನ್ನ ಮನೆಗೆ ಬಂತು. ಶೈಲು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಅವ್ವಾ, ತುಪ್ಪ ಹಚ್ಚಿದ್ದು ಖರೇ ಏನು?"

"ಖರೇ."

"ಯಾಕ ಹಚ್ಚಿದಿ?"

"ಪೂಜಿಗಿ."

"ಬಲಗಡಿ ಗಾಲಿಗಿ ಯಾಕ ಹಚ್ಚಲಿಲ್ಲ?"

"ಈಶಪ್ಪ ಮುಚ್ಚಿಬಿಟ್ಟಿದ್ದ."

"ಎರಡೂ ಕಡಿ ಹಚ್ಚಿದ್ರ ಗಾಡಿ ಬರೇ ಮುಂದ ಹೋಗತಿತ್ತು. ಒಂದೇ ಕಡಿ ಹಚ್ಚಿದ್ರ ಹೊರಳತದ ಅಂತ ಕಾಕಾ ಅಂದ."

"ಅದು ನನಗ ಹೆಂಗ ಗೊತ್ತಿರಬೇಕು ತಾಯಿ?"

"ಬ್ರೇಕಿನ ಮ್ಯಾಲೆ ಇಷ್ಟ ಕಾಗದ ಬರದೀ, ಓದೀ. ಈಗ ಗೊತ್ತಿಲ್ಲಂದ್ರ ಯಾರು ನಂಬಬೇಕು?"

ಆಣೆ ಮಾಡು ಅಂದಿದ್ದರೆ ಲಿಂಗ ಅಂಗೈಯಲ್ಲಿಟ್ಟು ಆಣೆ ಮಾಡುತ್ತಿದ್ದೆ. ಅವಳು ಕೇಳಲಿಲ್ಲ. ಹೋಗಿ ಶೆಡ್ಡಿಗೆ ಬೀಗ ಹಾಕಿದಳು. ಕೀಲಿಕೈ ಸೊಂಟದಲ್ಲಿ. ಹೆತ್ತ ತಾಯಿಗೆ ಬೀಗ. ಊಟ ಮಾಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಬೇರೆಯವರ ಮನೆಯಲ್ಲಿ ಇದ್ದ ಹಾಗೆ.

ಅವಳನ್ನು ನಾನು ಬೈಯುವುದಿಲ್ಲ. ನಾನು ನಿಮ್ಮನ್ನು ಅನುಮಾನಿಸಿದೆ, ಈಶಪ್ಪನನ್ನು ಅನುಮಾನಿಸಿದೆ, ಸತ್ತ ಗಾಡಿಯನ್ನೂ ಅನುಮಾನಿಸಿದೆ. ನನ್ನ ಕೈಯ ತಾಟಿನ ಮೇಲೆ ಮಾತ್ರ ಕಣ್ಣು ಹೋಗಲಿಲ್ಲ. ತುಪ್ಪ ಹಚ್ಚಿದವಳು ನಾನೇ, ಹೊರಳಿಸಿದವಳೂ ನಾನೇ ಅಂತಾಯಿತು. ಆದರೆ ಬೇಕಂತ ಮಾಡಿದೆ ಅನ್ನುವುದನ್ನು ಒಪ್ಪಿಕೊಳ್ಳುವುದಿಲ್ಲ. ನಿಮಗೆ ಅದನ್ನು ಬರೆಯುವ ಧೈರ್ಯ ಹೇಗೆ ಬಂತು ಅಂತ ಯೋಚಿಸುತ್ತ ಕೂಡುತ್ತೇನೆ. ನಾನು ಈ ಮನೆಗೆ ಬಂದಾಗ ನೀವು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಿರಿ. ನಿಮ್ಮ ಬುತ್ತಿ ಕಟ್ಟಿದವಳು ನಾನು.

ರೇಸು ನಿಲ್ಲಿಸು ಅಂತ ಬರೆಯುವುದಿಲ್ಲ. ಬರೆದರೆ ನಿಮ್ಮ ಮಾತು ನಿಜವಾಗುತ್ತದೆ. ಪ್ಯಾಡು ಕಳುಹಿಸಿರಿ. ತಟ್ಟೆಯ ಜಿಡ್ಡು ಯಾವುದರಿಂದ ಹೋಗುತ್ತದೆ ಬರೆಯಿರಿ. ಆ ಸಾಹೇಬರ ಹೆಸರು ಬರೆಯಿರಿ. ಬಸ್ಸು ಶುರುವಾಗಿವೆ, ಝರಾಸಂಗಮಕ್ಕೆ ಹೋಗಿ ಅವರ ಹೆಸರಿನಲ್ಲಿ ಒಂದು ಬಿಲ್ವಾರ್ಚನೆ ಮಾಡಿಸುತ್ತೇನೆ. ಅವರ ಸಾಮಾನು ನನ್ನ ಮಗಳ ಜೊತೆ ಓಡುತ್ತದೆ ಅಂದ ಮೇಲೆ ಹೆಸರಾದರೂ ತಿಳಿದಿರಲಿ.

ಕಾಂತಾಬಾಯಿ


ತಾಂಡೂರು
೧೮-೧೦-೨೦೧೧

ಕಾಂತಾಬಾಯಿಯವರಿಗೆ,

ಪ್ಯಾಡು ಕಳುಹಿಸಿದ್ದೇನೆ, ನಾಲ್ಕೂ ಹೊಸದು. ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಬೇಕು, ಬಟ್ಟೆ ಬದಲಿಸುತ್ತ ಒರೆಸಬೇಕು. ಈಶಪ್ಪನ ಕೈಗೆ ಕೊಡಿರಿ. ನೀವು ಮುಟ್ಟಬೇಡಿರಿ.

ಸಾಹೇಬರ ಹೆಸರು ಮಿಲಿಂದ್ ಕುಲಕರ್ಣಿ.

ಮನ್ಮಥಪ್ಪ


ಜಹೀರಾಬಾದ್
೨೧-೧೦-೨೦೧೧

ಮನ್ಮಥಪ್ಪನವರಿಗೆ,

ಪ್ಯಾಡು ಮುಟ್ಟಿದವು. ಈಶಪ್ಪ ಕೂಡಿಸಿದ. ನಾನು ಮುಟ್ಟಿಲ್ಲ. ಬ್ರೇಕು ಸರಿ ಇದೆ, ನೆಟ್ಟಗೆ ನಿಲ್ಲುತ್ತದೆ. ನನಗೆ ಹೇಗೆ ಗೊತ್ತು ಅಂತ ಕೇಳಬೇಡಿರಿ.

ರವಿವಾರ ಶೈಲು, ಈಶಪ್ಪ ಬರುತ್ತಾರೆ. ನಾನು ಬರುವುದಿಲ್ಲ. ಝರಾಸಂಗಮಕ್ಕೆ ಹೋಗುವುದಿದೆ.

ಕಾಂತಾಬಾಯಿ


ತಾಂಡೂರು
೨೩-೧೦-೨೦೧೧

ಪೂಜ್ಯ ವೈನಿಯವರ ಪಾದಗಳಿಗೆ ಮನ್ಮಥಪ್ಪನ ಶರಣಾರ್ಥಿ.

ಶೈಲು ಒಳಗೆ ಊಟ ಮಾಡುತ್ತಿದ್ದಾಳೆ, ಶಕುಂತಲಾ ಬಡಿಸುತ್ತಿದ್ದಾಳೆ. ನಾನು ಅಂಗಡಿಯಲ್ಲಿ ಕೂತು ಇದನ್ನು ಬರೆದು ಅವಳ ಕೈಯಲ್ಲೇ ಕೊಡುತ್ತೇನೆ.

ಅವಳು ಸೋತಳು. ಗುಲ್ಬರ್ಗಾದ ಹುಡುಗನ ಅಂಬಾಸಿಡರ್ ಒಂದು ಬಾನೆಟ್ಟಿನಷ್ಟು ಮುಂದೆ ಮುಟ್ಟಿತು. ಖಣಿಯ ಮುಂದೆ ನಾನು ಎರಡು ದಿನದ ಹಿಂದೆಯೇ ಮಣ್ಣಿನ ದಿಬ್ಬ ಹಾಕಿಸಿದ್ದೆ, ದಿಬ್ಬದ ಮೇಲೆ ನಾನೇ ನಿಂತಿದ್ದೆ. ಅಂಬಾಸಿಡರ್ ಬಂದು ದಿಬ್ಬಕ್ಕೆ ಮೂಗು ತಾಗಿಸಿ ನಿಂತಿತು. ಹುಡುಗನ ಮುಖ ಬಿಳಚಿತ್ತು. ಶೈಲು ಅಲ್ಲಿಯ ತನಕ ಬರಲೇ ಇಲ್ಲ. ಬಹಳ ಹಿಂದೆ, ರಸ್ತೆಯ ನಟ್ಟನಡುವೆ, ಅಳತೆ ಹಿಡಿದ ಹಾಗೆ ನೆಟ್ಟಗೆ ನಿಂತಿದ್ದಳು. ನಾನು ಓಡಿಹೋಗಿ ಅವಳ ಬ್ರೇಕನ್ನು ಹೊಗಳಲು ಬಾಯಿ ತೆರೆದೆ. ಅವಳು ಹೆಲ್ಮೆಟ್ಟು ತೆಗೆದು ಮೊದಲು ಹೇಳಿದ್ದು ಬೇರೆಯದೇ.

"ಕಾಕಾ, ಅವ್ವ ಗಾಡ್ಯಾಗ ಕೂತಿದ್ಲು."

ಯಾವಾಗ ಅಂದೆ. ಗುರುವಾರ ಅಂದಳು. ಪ್ಯಾಡು ಕೂಡಿಸಿದ ಮೇಲೆ ಅವಳು ಒಬ್ಬಳೇ ಓಡಿಸಿ ನೋಡಲು ಹೊರಟಳಂತೆ. ನೀವು ಮಡಿಸಿದ ಗೋಣಿಚೀಲ ಹಿಡಿದು ಬಂದು ಎಡಗಡೆಯ ಬಾಗಿಲು ತೆಗೆದಿರಂತೆ. ಈಶಪ್ಪ, "ಬಾಯಿಯವರೆ, ಸೀಟಿಲ್ಲ, ಹಿಡಕೊಳ್ಳಾಕ ಏನೂ ಇಲ್ಲ" ಅಂದನಂತೆ. "ಸೀಟಿಲ್ಲಂದ್ರ ನೆಲ ಅದ" ಅಂದಿರಂತೆ. ಇಷ್ಟಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ನೆಲದ ಮೇಲೆ ಕೂತಿರಂತೆ.

ಶೈಲು ಮೆಲ್ಲಗೆ ಬಿಟ್ಟಳಂತೆ. ನೀವು ಕೇಳಿದಿರಂತೆ: "ತಾಂಡೂರಾಗ ಹಿಂಗೇ ಬಿಡ್ತೀಯೇನು?"

"ಇಲ್ಲ."

"ಮತ್ತ ಯಾರ ಸಲುವಾಗಿ ಸಾವಕಾಶ? ಅಲ್ಲಿ ಹೆಂಗ ಬಿಡ್ತಿ ಹಂಗ ಬಿಡು."

ಬಿಟ್ಟಳು. ಒತ್ತಿದಳು. ನೀವು ಮುಂದಕ್ಕೆ ಜಾರಿ ಮೊಣಕಾಲು ತರಚಿತು ಅಂದಳು. ಗಾಡಿ ನೆಟ್ಟಗೆ ನಿಂತಿತು. ನೀವು 'ಮಾಡಿದೆ', 'ಮಾಡಲಿಲ್ಲ', ಆಣೆ, ದೇವರು, ಯಾವ ಮಾತೂ ಆಡದೆ, "ಇನ್ನೊಮ್ಮೆ" ಅಂದಿರಂತೆ. ಇನ್ನೊಮ್ಮೆ ಆದ ಮೇಲೆ ಇಳಿದು, ಗೋಣಿಚೀಲ ಝಾಡಿಸಿ, ರೊಟ್ಟಿ ಬಡಿಯಲು ಒಳಗೆ ಹೋದಿರಂತೆ.

"ನನ್ನ ಕೊಲ್ಲಬೇಕಂದಾಕಿ ತಾನು ಬಂದು ಕೂಡ್ತಾಳೇನು ಕಾಕಾ? ಆಕಿಗಿ ನಾ ಕೇಳಬಾರದ್ದು ಕೇಳಿದೆ. ಆ ಮಾತು ನನ್ನ ತಲ್ಯಾಗ ಇಟ್ಟಾಂವ ನೀ" ಅಂದಳು. ಅಷ್ಟು ಜನರ ನಡುವೆ ಅಂದಳು.

ವೈನಿ, ನನ್ನ ತಪ್ಪಾಯಿತು. ಬರೆಯಬಾರದ್ದನ್ನು ಬರೆದೆ. ಸತ್ತವರ ಗಾಡಿ ಅಂತ ನಾನು ಮೊದಲೇ ಹೇಳಿದ್ದರೆ ನಿಮಗೆ ನನ್ನ ಮೇಲೆ ಅನುಮಾನ ಬರುತ್ತಿರಲಿಲ್ಲ, ನಿಮ್ಮ ಅನುಮಾನಕ್ಕೆ ಸಿಟ್ಟಾಗಿ ನಾನು ನಿಮ್ಮನ್ನು ಅನುಮಾನಿಸುತ್ತಲೂ ಇರಲಿಲ್ಲ. ಶೈಲೂಗೆ ನಿಮ್ಮ ಮುಂದೆ ಬಾಯಿ ಬರುವುದಿಲ್ಲ, ಅವಳು ನಿಮ್ಮ ಹಾಗೆಯೇ. ಅವಳ ಪರವಾಗಿಯೂ ಕ್ಷಮೆ ಕೇಳುತ್ತೇನೆ.

ನಿಮ್ಮ ಮೈದುನ
ಮನ್ಮಥಪ್ಪ


ಜಹೀರಾಬಾದ್
೨೪-೧೦-೨೦೧೧

ಮನ್ಮಥಪ್ಪನಿಗೆ ವೈನಿಯ ಆಶೀರ್ವಾದ.

ಶೈಲು ಕಾಗದ ಕೊಟ್ಟು, ನಾನು ಓದುವ ತನಕ ಎದುರಿಗೇ ಕೂತಿದ್ದಳು. ಓದಿ ಮುಗಿಸಿದ ಮೇಲೆ ನನ್ನ ಮೊಣಕಾಲಿನ ಸೀರೆ ಸರಿಸಿ ಗಾಯ ನೋಡಿ, ಅರಿಶಿನ ಹಚ್ಚಿದಳು. "ಇದಕ್ಕ ತುಪ್ಪ ನಡೀತದ ನೋಡು" ಅಂದೆ. ನಗು ಬಂದು ಅಳು ಬಂತು ಅವಳಿಗೆ. ಅಷ್ಟಕ್ಕೆ ನಮ್ಮಿಬ್ಬರ ಮಾತು ಮುಗಿಯಿತು, ನೀನು ಅವಳ ಪರವಾಗಿ ಕ್ಷಮೆ ಕೇಳುವುದು ಬೇಡ.

ನಿನ್ನದು ನೀನು ಕೇಳಬೇಕು. ಕಾಗದದಲ್ಲಲ್ಲ. ಶಕುಂತಲಾಳನ್ನು ಕರೆದುಕೊಂಡು ದೀಪಾವಳಿಗೆ ಬಾ. ಹಣಮಯ್ಯ ಈಗ ಹೊರಡುತ್ತಾನೆ, ಅವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ನೀನು ಬರದಿದ್ದರೆ ಕಾಗದ ಮುಟ್ಟಲಿಲ್ಲ ಅನ್ನುವ ನೆಪ ನಡೆಯುವುದಿಲ್ಲ.

ಪಾಡ್ಯದ ದಿನ ಬಾಲಮಣಿಯವರು ಬರುತ್ತಾರೆ. ಅವರಿಗೆ ಯಾರೋ ಸುದ್ದಿ ಮುಟ್ಟಿಸಿದ್ದಾರೆ. ಇವತ್ತು ಫೋನು ಬಂತು: "ಹುಡಿಗಿ ಗಾಡಿ ಬಿಡ್ತಾಳಂತ ಕೇಳೀವಿ. ಲಗ್ನದ ಮೊದಲು ಅದನ್ನ ಯಾರಿಗರೆ ಕೊಟ್ಟುಬಿಡ್ರಿ." ನಾನು ಬರ್ರಿ, ಕೂತು ಮಾತಾಡೋಣ ಅಂದೆ. ಈಶಪ್ಪನೇ ಹೇಳಿದನೋ ಏನೋ, ಅವನೂ ಅದೇ ಊರಿನವನು. ಅವನ ಮೇಲೆ ನನಗೆ ಇನ್ನೂ ಅನುಮಾನ ಹೋಗಿಲ್ಲ.

ನಾನು ಆ ಸಂಬಂಧದ ಸಲುವಾಗಿ ಗಾಡಿ ಕೆಡಿಸಿದೆ ಅಂತ ಬರೆದವನು ನೀನು. ಆ ದಿನ ನನ್ನ ಮಗ್ಗುಲಲ್ಲೇ ಕೂತು ನನ್ನ ಬಾಯಿಂದ ಬರುವ ಮಾತು ಕೇಳು. ಅವರ ಮನೆಯ ಅಂಗಳದಲ್ಲಿ ಫಿಯಟ್ಟಿಗೆ ಜಾಗ ಇದೆಯೇ ಅಂತ ನಾನೇ ಕೇಳುತ್ತೇನೆ. ಇದೆ ಅಂದರೆ ತಾರೀಖು ನೋಡೋಣ. ಇಲ್ಲ ಅಂದರೆ ಚಹಾ ಕೊಟ್ಟು, ಹೂ ಮುಡಿಸಿ, ಬಸ್ಸಿಗೆ ಕಳುಹಿಸಿ ಬರೋಣ. ಬಸ್ಸು ನಡೆಯುತ್ತಿವೆ.

ನಿನ್ನ ವೈನಿ
ಕಾಂತಾಬಾಯಿ